ಹೊತ್ತು ಮುಳುಗುವಾಗ ಮನೆಗೆ ಹೊರಡುವವರು: ವೃದ್ಧಾಶ್ರಮದ ಸಂಜೆ ಮತ್ತು ಸಭಾಪಾಲಕರ ಸೇವೆ

ವೃದ್ಧಾಶ್ರಮಗಳಿಗೆ ಸಭಾಪಾಲಕರು ಭೇಟಿ ಕೊಡುವುದು ಸಾಮಾನ್ಯವಾಗಿ ಸಂಜೆಯ ಹೊತ್ತಿನಲ್ಲಿ. ಹಗಲಿನ ಸಭಾಕಾರ್ಯಗಳು ಮುಗಿದ ಮೇಲೆ ಉಳಿಯುವ ಬಿಡುವು ಅದೇ. ಆದರೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಗೆ ಒಳಗಾದ ಹಿರಿಯರ ಪಾಲಿಗೆ ದಿನದ ಅತ್ಯಂತ ಕಷ್ಟದ ಗಳಿಗೆಯೂ ಅದೇ. ಬೆಳಗ್ಗೆ ಶಾಂತರಾಗಿ ಕುಳಿತು ಕಾಫಿ ಕುಡಿದ ಅಜ್ಜಿಯವರು ಐದೂವರೆಗೆ ಸೀರೆಗಳನ್ನು ಗಂಟು ಕಟ್ಟಿಕೊಂಡು ಬಾಗಿಲ ಬಳಿ ನಿಂತಿರುತ್ತಾರೆ. ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತು, ಮನೆಗೆ ಹೋಗಬೇಕು ಎನ್ನುತ್ತಾರೆ. ತಡೆದ ಸಹಾಯಕಿಯ ಕೈಯನ್ನು ಕೊಡವುತ್ತಾರೆ. ಪ್ರಾರ್ಥನೆಗೆಂದು ಬಂದ ನಾವು ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತೇವೆ.

ವೈದ್ಯರು ಇದನ್ನು ‘ಸನ್‌ಡೌನಿಂಗ್’ ಎಂದು ಕರೆಯುತ್ತಾರೆ. ಇದು ಬೇರೆಯೇ ಒಂದು ರೋಗವಲ್ಲ. ಡಿಮೆನ್ಷಿಯಾ ಇರುವವರಲ್ಲಿ ದಿನದ ಕೊನೆಗೆ ಗೊಂದಲ, ಭಯ, ಅಲೆದಾಟ, ಸಂಶಯ, ಸಿಟ್ಟು ಹೆಚ್ಚಾಗುವ ಸ್ಥಿತಿ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲ್ಗಡೆ ಇರುವ ಚಿಕ್ಕ ಜೀವಕೋಶಗಳ ಗುಂಪು ನಮ್ಮ ದೇಹಕ್ಕೆ ಗಡಿಯಾರದಂತೆ ಕೆಲಸಮಾಡುತ್ತದೆ. ಆಲ್ಝೈಮರ್ ಕಾಯಿಲೆಯು ಅದನ್ನೂ ಹಾಳುಮಾಡುತ್ತದೆ. ಇದರ ಮೇಲೆ ದಿನವಿಡೀ ಕೂಡಿಕೊಂಡ ಆಯಾಸ, ಮಂದವಾಗುವ ಬೆಳಕು, ಗೋಡೆಯ ಮೇಲಿನ ನೆರಳು, ಕಿಟಕಿಯ ಗಾಜಿನಲ್ಲಿ ಕಾಣುವ ಯಾರೋ ಅಪರಿಚಿತ ಮುಖ. ಆ ಮುಖ ತನ್ನದೇ ಎಂಬುದು ಅವರಿಗೆ ಹೊಳೆಯುವುದಿಲ್ಲ. ಕರಾವಳಿಯಲ್ಲಿ ಮಳೆಗಾಲದ ಮೋಡ ಕವಿದರೆ ನಾಲ್ಕು ಗಂಟೆಗೇ ಸಂಜೆಯಾಗಿಬಿಡುತ್ತದೆ. ಅನೇಕ ಆಶ್ರಮಗಳಲ್ಲಿ ಸಿಬ್ಬಂದಿಯ ಪಾಳಿ ಬದಲಾಗುವುದೂ ಸರಿಸುಮಾರು ಇದೇ ಹೊತ್ತಿಗೆ. ಚೀಲ ಹೆಗಲಿಗೇರಿಸಿ ಹೊರಟವರನ್ನು ಕಂಡವರಿಗೆ ತಾವೂ ಹೊರಡಬೇಕೆನಿಸಿದರೆ ಅದರಲ್ಲಿ ಆಶ್ಚರ್ಯವೇನು?

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜಿಸಿದೆ. ನಮ್ಮ ಸಭೆಗಳು ಈ ಸಂಖ್ಯೆಯ ಹೊರಗೆ ಇಲ್ಲ.

ಸಭಾಪಾಲಕರು ವೈದ್ಯರಲ್ಲ, ಆದರೂ ಕೆಲವು ಸಂಗತಿಗಳನ್ನು ತಿಳಿದಿರಲೇಬೇಕು. ಗೊಂದಲವು ಒಂದೆರಡು ದಿನಗಳಲ್ಲಿ ಥಟ್ಟನೆ ಹೆಚ್ಚಿದರೆ ಅದನ್ನು ಸಂಜೆಯ ಸ್ವಭಾವವೆಂದು ತಳ್ಳಿಹಾಕಬಾರದು. ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಹೇಳಿಕೊಳ್ಳಲಾಗದ ನೋವು, ಹೊಸ ಔಷಧ, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಂಪರು ತರುವ ಮಾತ್ರೆ ಕೊಟ್ಟು ಸುಮ್ಮನಾಗಿಸುವುದು ಸುಲಭದ ದಾರಿ, ಆದರೆ ಅಪಾಯದ ದಾರಿ. ಮನೋವಿಕಾರಕ್ಕೆ ಕೊಡುವ ಕೆಲವು ಔಷಧಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಸಂಭವವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2005ರಲ್ಲಿಯೇ ಎಚ್ಚರಿಸಿತು. ಅದಕ್ಕಿಂತ ಮೊದಲು ಮಾಡಬೇಕಾದ ಸಣ್ಣ ಕೆಲಸಗಳು ಬಹಳ ಇವೆ: ಬೆಳಗಿನ ಬಿಸಿಲಿನಲ್ಲಿ ಕೂರಿಸುವುದು, ಮಧ್ಯಾಹ್ನದ ನಿದ್ದೆಯನ್ನು ಮೊಟಕುಗೊಳಿಸುವುದು, ಕತ್ತಲಾಗುವ ಮುಂಚೆಯೇ ದೀಪ ಹಾಕಿ ಪರದೆ ಎಳೆಯುವುದು, ಸಂಜೆ ಕಾಫಿಯ ಬದಲು ಹಾಲನ್ನೋ ಗಂಜಿಯನ್ನೋ ಕೊಡುವುದು, ಕನ್ನಡಕವೂ ಕಿವಿಯ ಯಂತ್ರವೂ ಜಾಗದಲ್ಲಿವೆಯೇ ಎಂದು ನೋಡುವುದು, ದೂರದರ್ಶನವನ್ನು ಆರಿಸುವುದು.

ಇನ್ನು ಸತ್ಯದ ಪ್ರಶ್ನೆ. ತೀರಿಹೋಗಿ ಇಪ್ಪತ್ತು ವರ್ಷವಾದ ಗಂಡನು ಇನ್ನೂ ಏಕೆ ಬರಲಿಲ್ಲ ಎಂದು ಕೇಳುವ ತಾಯಿಗೆ ಏನು ಹೇಳಬೇಕು? ಸುಮಾರು 420ರಲ್ಲಿ ಸುಳ್ಳಿನ ವಿರುದ್ಧ ಬರೆದ ಗ್ರಂಥದಲ್ಲಿ ಅಗಸ್ಟಿನನು ಇಂಥದೇ ಒಂದು ಸಂದರ್ಭವನ್ನು ಎತ್ತಿಕೊಳ್ಳುತ್ತಾನೆ: ಸಾವಿನಂಚಿನಲ್ಲಿರುವ ರೋಗಿಯೊಬ್ಬನು ತನ್ನ ಮಗನು ಬದುಕಿದ್ದಾನೆಯೇ ಎಂದು ಕೇಳುತ್ತಾನೆ, ಮಗನು ಸತ್ತಿದ್ದಾನೆ, ಆ ಸುದ್ದಿಯು ತಂದೆಯನ್ನು ಕೊಲ್ಲಬಲ್ಲದು. ಆ ತಂದೆಗಾಗಿ ತನ್ನ ಮನಸ್ಸು ಕರಗುತ್ತದೆಂದು ಒಪ್ಪಿಕೊಂಡೂ ಅಗಸ್ಟಿನನು ಸುಳ್ಳಿಗೆ ಅನುಮತಿ ಕೊಡುವುದಿಲ್ಲ. ನಮ್ಮ ಕಾಲದ ತೊಡಕು ಇನ್ನೂ ಒಂದು ಹೆಜ್ಜೆ ಮುಂದಿದೆ. ಆ ರೋಗಿಯು ಸಾವಿನ ಸುದ್ದಿಯನ್ನು ಒಮ್ಮೆ ಕೇಳುತ್ತಿದ್ದನು. ಈ ತಾಯಿಯು ದಿನವೂ ಸಂಜೆ ಹೊಸದಾಗಿ ವಿಧವೆಯಾಗುತ್ತಾಳೆ. ಒಂಬತ್ತನೆಯ ಆಜ್ಞೆಯು ನೆರೆಯವನನ್ನು ಕಾಪಾಡಲೆಂದು ಕೊಟ್ಟದ್ದು. ಅದರ ಹೆಸರಿನಲ್ಲಿ ಆಕೆಯನ್ನು ದಿನವೂ ಇರಿಯುವುದು ವಿಧೇಯತೆಯೆಂದು ನಮಗೆ ತೋರುವುದಿಲ್ಲ.

ಹಾಗೆಂದು ಕಟ್ಟುಕತೆಗಳಿಗೂ ನಮ್ಮ ಮನಸ್ಸು ಒಪ್ಪದು. ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದ ಬೆನ್ರಾತ್‌ನಲ್ಲಿ ವೃದ್ಧಾಶ್ರಮವೊಂದರ ಎದುರು ಬಸ್ಸೇ ಬರದ ಬಸ್ ನಿಲ್ದಾಣವನ್ನು ನಿರ್ಮಿಸಿದರು. ಹೊರಟವರು ಅಲ್ಲಿ ಕುಳಿತು, ಸ್ವಲ್ಪ ಹೊತ್ತಿಗೆ ಹೊರಟದ್ದನ್ನೇ ಮರೆತು ಹಿಂದಿರುಗುತ್ತಾರೆ. ಉದ್ದೇಶವು ಕರುಣೆಯದೇ, ಪ್ರಯೋಜನವೂ ಇದೆ. ಆದರೂ ಆ ಬೆಂಚು ನಮಗೆ ಇಷ್ಟವಾಗುವಷ್ಟು ಅಲ್ಲಿನ ಫಲಕ ಇಷ್ಟವಾಗುವುದಿಲ್ಲ. ಸತ್ಯವನ್ನು ಮೌನದಿಂದ ಮರೆಮಾಡುವುದು ಬೇರೆ, ಸುಳ್ಳಾಡುವುದು ಬೇರೆ ಎಂದು ಅಗಸ್ಟಿನನೇ ಒಪ್ಪುತ್ತಾನಷ್ಟೆ. ಆ ಎಡೆಯಲ್ಲಿಯೇ ನಮ್ಮ ಸೇವೆಗೆ ಸ್ಥಳವಿದೆ. “ಅವರು ದಿನಾ ಈ ಹೊತ್ತಿಗೆ ಬರುತ್ತಿದ್ದರೇ ಅಮ್ಮಾ? ಬಂದ ಕೂಡಲೇ ಏನು ಕೇಳುತ್ತಿದ್ದರು?” ಎಂದು ವಿಚಾರಿಸುವುದರಲ್ಲಿ ಸುಳ್ಳಿಲ್ಲ. ಮನೆಗೆ ಹೋಗಬೇಕು ಎಂಬ ಮಾತಿನಲ್ಲಿ ಆಕೆ ಕೇಳುವುದು ವಿಳಾಸವನ್ನಲ್ಲ. ದೀಪ ಹಚ್ಚಿ, ಮಕ್ಕಳನ್ನು ಕೂಡಿಸಿ, ಪ್ರಾರ್ಥನೆ ಮಾಡಿ, ಅನ್ನ ಬಡಿಸುತ್ತಿದ್ದ ಆ ಹೊತ್ತನ್ನು. ಮಡಚಲು ನಾಲ್ಕು ಬಟ್ಟೆಗಳನ್ನು ಕೈಗಿತ್ತರೂ ಆ ಹೊತ್ತಿನ ಒಂದು ತುಣುಕು ಸಿಕ್ಕೀತು.

ಇಲ್ಲಿಯೇ ಆರಾಧನಾಕ್ರಮವು ಅನಿರೀಕ್ಷಿತವಾಗಿ ನೆರವಿಗೆ ಬರುತ್ತದೆ. ಹೊಸ ಪ್ರಸಂಗವು ನಿಲ್ಲದ ಮನಸ್ಸಿನಲ್ಲಿ ಬಾಲ್ಯದಲ್ಲಿ ಕಲಿತ ಕೀರ್ತನೆಯೂ ಕರ್ತನ ಪ್ರಾರ್ಥನೆಯೂ ಬಹಳ ಕಾಲ ಉಳಿಯುತ್ತವೆ. ಬೆಳಗ್ಗೆ ನಮ್ಮ ಹೆಸರನ್ನು ಮೂರು ಸಲ ಕೇಳಿದವರು ಸಂಗೀತದ ಮೂರನೆಯ ಚರಣವನ್ನು ಪುಸ್ತಕವಿಲ್ಲದೆ ಹಾಡುವುದನ್ನು ನಾವು ಕಂಡಿದ್ದೇವೆ. ಭಾಷೆಯನ್ನೂ ಗಮನಿಸಬೇಕು. ದಕ್ಷಿಣ ಕನ್ನಡದ ಅನೇಕ ಕುಟುಂಬಗಳಲ್ಲಿ ಆರಾಧನೆ ಕನ್ನಡದಲ್ಲಿ, ಮನೆಮಾತು ತುಳುವಿನಲ್ಲಿ. ದಣಿದ ಸಂಜೆಗೆ ಬಾಯಿಗೆ ಬರುವುದು ತಾಯಿಯ ಮಾತು. ಹೊರರಾಜ್ಯದಿಂದ ಬಂದ ಸಹಾಯಕಿಗೆ ಅದು ಅರ್ಥವಾಗದು. ಆ ಭಾಷೆ ಬಲ್ಲ ಸಭೆಯ ಹಿರಿಯ ಸಹೋದರಿಯೊಬ್ಬರು ಪಕ್ಕದಲ್ಲಿ ಕುಳಿತರೆ ಸಾಕು, ಅರ್ಧ ಭಯ ಇಳಿಯುತ್ತದೆ.

ಆದುದರಿಂದ ನಮ್ಮ ಕೆಲವು ರೂಢಿಗಳನ್ನು ಬದಲಿಸಬೇಕಾಗಿದೆ. ಕರ್ತನ ಭೋಜನವನ್ನೂ ಸತ್ಯವೇದದ ವಾಚನವನ್ನೂ ಬೆಳಗ್ಗೆ ಹತ್ತು ಗಂಟೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಕ್ರಿಸ್ಮಸ್ ಕಾಲದಲ್ಲಿ ನಲವತ್ತು ಯುವಕರು ಗಿಟಾರು, ಡೋಲು, ಕೆಂಪು ಟೋಪಿಗಳೊಂದಿಗೆ ಏಳು ಗಂಟೆಗೆ ನುಗ್ಗಿ, ಹಾಡಿ, ಛಾಯಾಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ರಾತ್ರಿ ನಿದ್ದೆಗೆಡುವವರು ಯಾರೆಂದು ಮಾರನೆಯ ದಿನ ಯಾರೂ ವಿಚಾರಿಸುವುದಿಲ್ಲ. ಸಂಜೆಗೆ ಒಬ್ಬರೋ ಇಬ್ಬರೋ ಹೋದರೆ ಸಾಕು. ಪಾಳಿ ಬದಲಾಗುವ ಹೊತ್ತಿಗೆ ಹೋಗಿ ಸಿಬ್ಬಂದಿಗೆ ಅರ್ಧ ಗಂಟೆಯ ನೆರವಾಗುವುದು ಇನ್ನೂ ಮೇಲು. ಎಮ್ಮಾಹುವಿನ ದಾರಿಯಲ್ಲಿ ಹೊತ್ತು ಇಳಿದಾಗ ಆ ಇಬ್ಬರು ಶಿಷ್ಯರು ಅಪರಿಚಿತನನ್ನು ಕೇಳಿಕೊಂಡದ್ದು ವಿವರಣೆಯನ್ನಲ್ಲ, ತಂಗುವಿಕೆಯನ್ನು. ಬಾಗಿಲ ಬಳಿ ಗಂಟು ಹಿಡಿದು ನಿಂತ ಅಜ್ಜಿಯವರೊಂದಿಗೆ ಅಂಗಳದಲ್ಲಿ ಎರಡು ಸುತ್ತು ನಡೆದು, ಊಟದ ಗಂಟೆ ಹೊಡೆದಾಗ ಅವರ ಕೈಹಿಡಿದು ಒಳಗೆ ಬರಲು ಹೆಚ್ಚೆಂದರೆ ಇಪ್ಪತ್ತು ನಿಮಿಷ ಬೇಕಾಗುತ್ತದೆ.