ನಿಮ್ಮೂರಿನ ನಕ್ಷೆ ನಿಮ್ಮ ಕೈಯಲ್ಲಿ

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಹರಿದಾಗ ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆ ಮುಳುಗಿತು. ಇಂಥ ವೇಳೆ ನೆರವಿಗೆ ಹೊರಟವರಿಗೆ ಬಳಸುದಾರಿ ತೋರಿಸುವವರು ಯಾರು?

2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಸ್ವಯಂಸೇವಕರೇ ರಚಿಸುವ ಮುಕ್ತ ನಕ್ಷೆ. ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು. ಉಪಗ್ರಹ ಚಿತ್ರದಲ್ಲಿ ರಸ್ತೆ ಕಾಣುತ್ತದೆ. ಊರಿನ ಹೆಸರಾಗಲಿ, ಮಳೆಗಾಲದಲ್ಲಿ ದಾರಿ ಕಟ್ಟುವ ಹಳ್ಳವಾಗಲಿ ತಿಳಿಯುವುದಿಲ್ಲ. ಅದನ್ನು ಬಲ್ಲವರು ಯಾದಗಿರಿ, ಶಹಾಪುರ, ಸುರಪುರದವರಾದ ನೀವೇ.

ಮೊಬೈಲ್ ಇಲ್ಲವೇ ಕಂಪ್ಯೂಟರಿನಲ್ಲಿ ಖಾತೆ ತೆರೆಯಿರಿ. ನಿಮ್ಮ ಓಣಿ, ಶಾಲೆ, ಆರೋಗ್ಯ ಕೇಂದ್ರಗಳನ್ನು ಕನ್ನಡದ ಹೆಸರಿನೊಂದಿಗೆ ಗುರುತಿಸಿ. ಬೇರೆ ಕಂಪನಿಗಳ ನಕ್ಷೆಯಿಂದ ನಕಲು ಮಾಡಬೇಡಿ. ಸ್ವತಃ ಕಂಡದ್ದನ್ನಷ್ಟೇ ಸೇರಿಸಿ. ಹೊಳೆ ಮತ್ತೆ ಉಕ್ಕುವ ಮುನ್ನ ನಿಮ್ಮೂರಿನ ದಾರಿಗಳು ನಕ್ಷೆಯಲ್ಲಿರಲಿ.