ಹಡಗಿಗೆ ಎಡ, ಬಲ ಏಕೆ ಸಾಲದು?

ಎಡ, ಬಲ ಎಂಬ ಸರಳ ಪದಗಳಿರುವಾಗ ಹಡಗಿನವರಿಗೆ ಪೋರ್ಟ್, ಸ್ಟಾರ್‌ಬೋರ್ಡ್ ಏಕೆ ಬೇಕು? ಕಸುಬಿನವರ ಒಣಜಂಬ ಎಂದು ಹಲವರಿಗೆ ಅನ್ನಿಸಬಹುದು. ಆದರೆ ಎಡಬಲಗಳು ನಿಂತವನ ಮುಖವನ್ನು ನೆಚ್ಚಿಕೊಂಡಿವೆ; ಹಿಂದಕ್ಕೆ ತಿರುಗಿ ಹಗ್ಗ ಎಳೆಯುವವನ ಬಲ, ಮುಂದೆ ನೋಡುವವನಿಗೆ ಎಡ. ಬಿರುಗಾಳಿಯ ಇರುಳಲ್ಲಿ ಇಂಥ ಗೊಂದಲ ಜೀವಕ್ಕೇ ಎರವಾದೀತು. ಅದಕ್ಕೆಂದೇ ಈ ಪದಗಳು ಹಡಗಿನ ಮೈಗೇ ಅಂಟಿಕೊಂಡಿವೆ. ಹಡಗಿನ ಮುಂತುದಿಯತ್ತ ಮುಖ ಮಾಡಿದಾಗ ಬಲಬದಿ ಸ್ಟಾರ್‌ಬೋರ್ಡ್, ಎಡಬದಿ ಪೋರ್ಟ್. ನೀವು ಎತ್ತ ತಿರುಗಿದರೂ ಅವು ಬದಲಾಗವು.

ಸ್ಟಾರ್‌ಬೋರ್ಡ್‌ಗೂ ನಕ್ಷತ್ರಕ್ಕೂ ನಂಟಿಲ್ಲ. ಉತ್ತರ ಯುರೋಪಿನ ಹಳೆಯ ದೋಣಿಗಳಲ್ಲಿ ದಿಕ್ಕು ತಿರುಗಿಸುವ ಹುಟ್ಟು ಬಲಬದಿಗಿತ್ತು. ಚುಕ್ಕಾಣಿಯ ಬದಿ ಎಂಬುದೇ ಅದರ ಮೂಲಾರ್ಥ. ಎಡಬದಿಯನ್ನು ಇಂಗ್ಲಿಷ್ ನಾವಿಕರು ಲಾರ್‌ಬೋರ್ಡ್ ಎನ್ನುತ್ತಿದ್ದರು. ಗಾಳಿಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತಿದ್ದವು. ಬ್ರಿಟಿಷ್ ನೌಕಾಪಡೆ 1844ರಲ್ಲಿ ಲಾರ್‌ಬೋರ್ಡ್ ಕೈಬಿಟ್ಟು ಪೋರ್ಟ್ ಎಂದೇ ಹೇಳಬೇಕೆಂದು ಆದೇಶಿಸಿತು. ಕೇವಲ ಸಂಪ್ರದಾಯದ ಮೋಹವಾಗಿದ್ದರೆ ಶತಮಾನಗಳ ಪದವೊಂದನ್ನು ಹೀಗೆ ಬಿಟ್ಟುಕೊಡುತ್ತಿರಲಿಲ್ಲ ಎಂಬುದು ನನಗೆ ಬಹಳ ಮುಖ್ಯವಾದ ಸಾಕ್ಷಿ.

ಉಪಗ್ರಹಗಳು ದಾರಿ ತೋರುವ ಈ ಕಾಲಕ್ಕೆ ಇವೆಲ್ಲ ಹಳತಾದವಲ್ಲವೇ ಎಂಬ ಆಕ್ಷೇಪವೂ ಇದೆ. ಉಪಗ್ರಹ ನಿಮ್ಮ ಜಾಗ ಹೇಳುತ್ತದೆ, ನಿಜ. ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳು ಮಾತ್ರ ಇಂದಿಗೂ ಈ ಎರಡು ಪದಗಳಲ್ಲೇ ಇವೆ. ಪೋರ್ಟ್ ಬದಿಗೆ ಕೆಂಪು ದೀಪ, ಸ್ಟಾರ್‌ಬೋರ್ಡ್‌ಗೆ ಹಸಿರು. ಎರಡು ಯಂತ್ರಚಾಲಿತ ಹಡಗುಗಳ ಹಾದಿ ಅಡ್ಡ ಹಾಯುವಾಗ, ಇನ್ನೊಂದನ್ನು ತನ್ನ ಸ್ಟಾರ್‌ಬೋರ್ಡ್ ಬದಿಯಲ್ಲಿ ಕಾಣುವ ಹಡಗೇ ದಾರಿ ಬಿಡಬೇಕು. ಕತ್ತಲಲ್ಲಿ ಅದಕ್ಕೆ ಎದುರಾಗುವುದು ಇನ್ನೊಂದರ ಕೆಂಪು ದೀಪ.