ನಿಮ್ಮದೇ ಪ್ಲೇಟ್‌ಲೆಟ್, ನಿಮ್ಮದೇ ಆಪರೇಷನ್‌ಗೆ: ಏನಿದು ಹೃದಯದ ಪಿಆರ್‌ಪಿ?

ಪಿಆರ್‌ಪಿ ಅಂದ ಕೂಡಲೇ ನಮ್ಮ ತಲೆಮಾರಿಗೆ ನೆನಪಾಗೋದು ಕೂದಲು ಉದುರುವವರ ಕ್ಲಿನಿಕ್ಕು. ಅದೇ ಪ್ಲೇಟ್‌ಲೆಟ್ ಭರಿತ ಪ್ಲಾಸ್ಮಾಗೆ ಹೃದಯದ ದೊಡ್ಡ ಸರ್ಜರಿಗಳಲ್ಲಿ ಇನ್ನೂ ಗಂಭೀರವಾದ ಕೆಲಸವಿದೆ.

ಹೃದಯದಿಂದ ಹೊರಡುವ ಮಹಾಧಮನಿ ಊದಿಕೊಂಡರೆ ಆ ಭಾಗ ಕತ್ತರಿಸಿ ಕೃತಕ ನಾಳ ಹೊಲಿಯುತ್ತಾರೆ. ಅಷ್ಟು ಹೊತ್ತೂ ರಕ್ತ ಹಾರ್ಟ್-ಲಂಗ್ ಮಷೀನಿನಲ್ಲಿ ಸುತ್ತುತ್ತದೆ. ಕಮಾನಿನ ಭಾಗವಾದರೆ ಮೈಯನ್ನೇ ತಣ್ಣಗಾಗಿಸಿ ರಕ್ತಸಂಚಾರವನ್ನೇ ಸ್ವಲ್ಪ ಹೊತ್ತು ನಿಲ್ಲಿಸುವುದೂ ಉಂಟು. ಕೊಳವೆಗಳಲ್ಲಿ ಸುತ್ತಿ, ತಂಪಿಗೆ ಸಿಕ್ಕಿ ಪ್ಲೇಟ್‌ಲೆಟ್‌ಗಳು ಸೊರಗುತ್ತವೆ. ಹೊಲಿಗೆ ಮುಗಿದು ರಕ್ತ ಹೆಪ್ಪುಗಟ್ಟಬೇಕಾದ ಹೊತ್ತಿಗೇ ಕೈಕೊಡುತ್ತವೆ.

ಇಂಜಿನಿಯರಿಂಗ್ ಓದಿದವರ ಭಾಷೆಯಲ್ಲಿ ಪರಿಹಾರ ಇಷ್ಟೇ: ಸಿಸ್ಟಮ್ ಹಾಳಾಗುವ ಮೊದಲೇ ಬ್ಯಾಕಪ್ ತೆಗೆಯೋದು. ಅರಿವಳಿಕೆ ಕೊಟ್ಟ ಮೇಲೆ, ಮಷೀನಿಗೆ ಜೋಡಿಸುವ ಮುನ್ನ, ರೋಗಿಯ ರಕ್ತ ತೆಗೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ. ಕೆಂಪು ಕಣಗಳು ವಾಪಸ್ ಮೈಗೆ. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಮಾತ್ರ ಪಕ್ಕಕ್ಕೆ. ಅದನ್ನು ಫ್ರಿಜ್ಜಿನಲ್ಲಿಡದೆ, ಕೋಣೆಯ ಉಷ್ಣಾಂಶದಲ್ಲೇ ಮೆಲ್ಲಗೆ ಅಲುಗಾಡಿಸುತ್ತ ಕಾಯುತ್ತಾರೆ. ಕೊನೆಗೆ ಹೆಪಾರಿನ್ ಪ್ರಭಾವ ತೆಗೆದು, ಅದನ್ನು ರೋಗಿಗೇ ಕೊಡುತ್ತಾರೆ.

ದಾನಿಗಳದ್ದು ಇದೆಯಲ್ಲ, ಯಾಕಿಷ್ಟು ತಾಪತ್ರಯ ಅಂತೀರಾ? ಕೆಂಪು ಕಣ 42 ದಿನದವರೆಗೂ ಇಡಬಹುದು, ಪ್ಲೇಟ್‌ಲೆಟ್‌ಗೆ ಸಾಮಾನ್ಯವಾಗಿ 5 ದಿನ ಅಷ್ಟೆ. ಕೃಷ್ಣರಾಜ ಮಾರುಕಟ್ಟೆಯ ಹೂವಿನ ವ್ಯಾಪಾರಿಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಮಾರುಕಟ್ಟೆಯ ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ. 1900ರಲ್ಲಿ ಶುರುವಾದದ್ದು, ಜಯದೇವ ಹೃದ್ರೋಗ ಸಂಸ್ಥೆ ಮೊದಲು ನಡೆದದ್ದೂ ಇದೇ ಆವರಣದಲ್ಲಿ. ಮಳೆಗಾಲದಲ್ಲಿ ಡೆಂಗಿ ಏರಿತೆಂದರೆ ಊರಿಡೀ ಪ್ಲೇಟ್‌ಲೆಟ್‌ಗೆ ಹುಡುಕಾಟ. ನಮ್ಮ ವಾಟ್ಸ್‌ಆ್ಯಪ್‌ಗೆ ಬರುವ ‘ಅರ್ಜೆಂಟ್’ ಮೆಸೇಜುಗಳು ಗೊತ್ತಲ್ಲ! ಮಹಾಧಮನಿಯ ಒಂದೊಂದು ಸರ್ಜರಿಯೂ ಅದೇ ದಾಸ್ತಾನಿಗೆ ಕೈಹಾಕಬೇಕು.

ಅಮೆರಿಕದ ಹ್ಯೂಸ್ಟನ್‌ನಲ್ಲಿ 80 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ವಿಧಾನದಿಂದ ದಾನಿಗಳ ಪ್ಲೇಟ್‌ಲೆಟ್ ಬಳಕೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. 80 ಸಣ್ಣ ಸಂಖ್ಯೆಯೇ, ಒಪ್ಪೋಣ. ಎಲ್ಲರಿಗೂ ಇದು ಒಗ್ಗುವುದೂ ಇಲ್ಲ. ರಕ್ತಹೀನತೆ ಇರುವವರಲ್ಲಿ, ಪ್ಲೇಟ್‌ಲೆಟ್ ಮೊದಲೇ ಕಡಿಮೆ ಇದ್ದವರಲ್ಲಿ, ಧಮನಿ ಸೀಳಿ ಬಿಪಿ ಕುಸಿದು ಬಂದವರಲ್ಲಿ ಬ್ಯಾಕಪ್ ತೆಗೆಯಲು ಕೂತರೆ ಅಪಾಯವೇ ಜಾಸ್ತಿ.

ಒಮ್ಮೆ ಬಳಸಿ ಎಸೆಯುವ ಕಿಟ್ಟಿಗೆ ದುಡ್ಡು ಬೇಕು, ನುರಿತ ಸಿಬ್ಬಂದಿಯೂ ಬೇಕು. ಆದರೆ ನನ್ನ ಪ್ರಕಾರ ಸರ್ಕಾರಿ ಆಸ್ಪತ್ರೆಗಳು ಈ ಖರ್ಚನ್ನು ಉಳಿಯುವ ಬ್ಯಾಗುಗಳ ಬೆಲೆ ಜೊತೆ ಮಾತ್ರ ತೂಗಬಾರದು. ಡೆಂಗಿ ಕಾಲದಲ್ಲಿ ಆ ಬ್ಯಾಗು ಸಿಗುತ್ತಾ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಬೇಕು.